ಇಂಜಿನ್ ತಣ್ಣಗಾಗುವವರೆಗೆ

ರಾತ್ರಿ ಪಾಳಿ ಮುಗಿಸಿದ ನರ್ಸಮ್ಮ ಮನೆಯ ಗೇಟು ಮುಟ್ಟುವಷ್ಟರಲ್ಲಿ ಗಂಡನ ಹಳೆಯ ಎರಡು ಸಿಲಿಂಡರಿನ ಬೈಕು ಕೆಮ್ಮಿ ಕೆಮ್ಮಿ ನಿಂತೇ ಹೋಯಿತು. ಇಳಿದು ಒಳಗೆ ತಳ್ಳುವಾಗ ಅವಳ ಕಾಲುಗಳಲ್ಲಿ ಜೀವವಿರಲಿಲ್ಲ. ಸಂಜೆ ಏಳಕ್ಕೆ ಮತ್ತೆ ಪಾಳಿ.

"ಬಲಗಡೆ ಸಿಲಿಂಡರ್ ಹೊಡೀತಿಲ್ಲ. ಪ್ಲಗ್ಗು ಸವೆದಿದೆ," ಎಂದ ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದ ಗಂಡ.

ಅವಳಿಗೆ ಆಶ್ಚರ್ಯವಾಯಿತು. ಇಪ್ಪತ್ತೆರಡು ವರ್ಷ ಬೈಕುಗಳನ್ನು ರಿಪೇರಿ ಮಾಡಿದ್ದವನು ಅವನು. ಎಂಟು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಗಿತ್ತು, ಬಲಗಾಲು ಎಳೆಯುತ್ತಿತ್ತು. ಅಂದಿನಿಂದ 'ಹೂಂ', 'ಬೇಡ' ಬಿಟ್ಟರೆ ಅವನ ಬಾಯಿಂದ ಮಾತು ಹೊರಟಿದ್ದು ಕಡಿಮೆ.

"ನಿಮಗೆ ಹೇಗ್ರೀ ಗೊತ್ತು?"

"ಹದಿನೈದು ದಿನದಿಂದ ಕೇಳಿಸ್ಕೊಳ್ತಾ ಇದೀನಿ."

"ಮತ್ತೆ ಬಾಯಿ ಬಿಡೋಕೇನಾಗಿತ್ತು?"

"ಹೇಳಿ ಏನು ಮಾಡ್ಲಿ? ಈ ಕೈ ಇಟ್ಕೊಂಡು?"

ಸಿಟ್ಟು ಬಂತು. ಸಿಟ್ಟು ಮಾಡಿಕೊಳ್ಳುವುದಕ್ಕೂ ತ್ರಾಣವಿರಲಿಲ್ಲ. ಮಂಚದಡಿಯಿಂದ ಅವನ ಸಾಮಾನಿನ ಡಬ್ಬ ಎಳೆದು ತಂದಳು. ತಳದಲ್ಲಿ ಎರಡು ಹೊಸ ಪ್ಲಗ್ಗುಗಳಿದ್ದವು. ಪಾನೆ ಹಿಡಿದು ಬಗ್ಗಿದಳು.

"ಏಯ್, ಕೈ ತೆಗಿ! ಬಿಸಿ ಇದ್ದಾಗ ಬಿಚ್ಚಿದ್ರೆ ಥ್ರೆಡ್ಡೇ ಕಿತ್ಕೊಂಡು ಬರುತ್ತೆ. ತಣ್ಣಗಾಗ್ಲಿ."

"ಎಷ್ಟು ಹೊತ್ತು?"

"ಮುಟ್ಟಿದ್ರೆ ಸುಡಬಾರದು, ಅಷ್ಟು ಹೊತ್ತು."

ಐದು ನಿಮಿಷ ಎಂದುಕೊಂಡು ಮೆಟ್ಟಿಲ ಮೇಲೆ ಗೋಡೆಗೊರಗಿದಳು. ಕಣ್ಣು ಬಿಟ್ಟಾಗ ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು.

ಕುರ್ಚಿ ಖಾಲಿಯಿತ್ತು. ಗಂಡ ಬೈಕಿನ ಪಕ್ಕ ನೆಲದ ಮೇಲೆ ಕೂತಿದ್ದ. ಅಲ್ಲಿಯವರೆಗೂ ತೆವಳಿಕೊಂಡೇ ಹೋಗಿರಬೇಕು, ಪಂಚೆಯೆಲ್ಲ ಮಣ್ಣು. ಹೊಸ ಪ್ಲಗ್ಗನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಕಿಡಿ ಹಾರುವ ಸಂದಿಯಲ್ಲಿ ಎಡಗೈಯಿಂದ ಒಂದು ತೆಳ್ಳನೆಯ ತಗಡಿನ ಪಟ್ಟಿ ತೂರಿಸಿ ಅಳತೆ ನೋಡುತ್ತಿದ್ದ. ಪ್ಲಗ್ಗು ಜಾರಿ ಉರುಳಿತು. "ಹಾಳಾದ್ದು," ಎಂದು ಬೈದು, ಜರುಗಿ ಹೋಗಿ ತಂದ. ಮತ್ತೆ ಜಾರಿತು. ಮತ್ತೆ ತಂದ. ಕಲ್ಲಿಗೆ ಮೆಲ್ಲಗೆ ಕುಟ್ಟಿ, ಮತ್ತೆ ಅಳೆದ.

ಎದ್ದು ಹಿಡಿದುಕೊಡಬೇಕು ಅನ್ನಿಸಿತು. ಎಂಟು ತಿಂಗಳಿಂದ ತುತ್ತು ಕೊಡುವುದು, ಗುಂಡಿ ಹಾಕುವುದು ಎಲ್ಲಕ್ಕೂ ಮುಂದಾಗುತ್ತಿದ್ದ ಕೈಗಳನ್ನು ಅವಳು ಮಡಿಲಲ್ಲಿ ಬಿಗಿಹಿಡಿದು ಕೂತಳು. ಅದೇ ಹೆಚ್ಚು ಕಷ್ಟವಾಯಿತು.

"ಎದ್ದಿದೀಯ ಅಂತ ಗೊತ್ತು. ಬಾ," ಎಂದ.

ಅವಳು ಪಾನೆ ಹಾಕಿ ತಿರುಗಿಸಿದಾಗ ಎಡಗಡೆಯ ಪ್ಲಗ್ಗು ಸುಲಭವಾಗಿ ಬಂತು. ಬಲಗಡೆಯದು ಜಪ್ಪಯ್ಯ ಅನ್ನಲಿಲ್ಲ.

"ಜಗ್ಗಬೇಡ ಕಣೇ. ಸ್ವಲ್ಪ ಬಿಚ್ಚು, ಸ್ವಲ್ಪ ವಾಪಸ್ ತಿರುಗಿಸು. ಮತ್ತೆ ಬಿಚ್ಚು."

ಕಿರ್ರೆಂದು ಸಡಿಲವಾಯಿತು. ತುದಿ ಸವೆದು ಗುಂಡಗಾಗಿ, ಮಸಿ ಹಿಡಿದಿತ್ತು. ಅವನು ಅದನ್ನು ಅಂಗೈಯಲ್ಲಿಟ್ಟು ನೋಡಿದ. "ಇಂಥಾ ಸ್ಥಿತೀಲೂ ಇಷ್ಟು ದಿನ ಓಡಿದೆ, ಪಾಪ."

"ಯಾರು ಪಾಪ? ಪ್ಲಗ್ಗಾ?"

ಅವನು ಅವಳ ಕಣ್ಣ ಕೆಳಗಿನ ಕಪ್ಪು ನೋಡಿದ. "ನೀನೂನು," ಎಂದ.

ಹೊಸವೆರಡನ್ನೂ ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ, ಕೊನೆಗೆ ಪಾನೆ ಹಾಕಿಸಿದ. ಮೂರನೇ ಕಿಕ್ಕಿಗೆ ಇಂಜಿನ್ ಶುರುವಾಯಿತು. ಅವನು ಕಣ್ಣು ಮುಚ್ಚಿ ಕೇಳಿ, ಸಾಕೆಂದು ಕೈ ಮಾಡಿದ.

"ಎತ್ತಿ ಕುರ್ಚೀಲಿ ಕೂರಿಸ್ಲಾ?"

"ಇರು. ನಿನಗೂ ಶಕ್ತಿ ಇಲ್ಲ, ನನಗೂ ಇಲ್ಲ."

ಇಬ್ಬರೂ ಹಾಗೇ ಗೋಡೆಗೊರಗಿ ಕೂತರು. ಸದ್ದು ಕೇಳಿ ಪಕ್ಕದ ಮನೆಯ ಪೇಪರ್ ಹಾಕುವವನು ಕಾಂಪೌಂಡಿನ ಮೇಲೆ ತಲೆ ಹಾಕಿದ. "ಅಣ್ಣಾ, ಮತ್ತೆ ರಿಪೇರಿ ಶುರು ಮಾಡಿದ್ರಾ? ನನ್ನ ಗಾಡೀಲೂ ಏನೋ ಟಕಟಕ ಅಂತಿದೆ."

ಬೇಡ ಅನ್ನುತ್ತಾನೆ ಎಂದುಕೊಂಡಳು ನರ್ಸಮ್ಮ.

"ಕೈ ಹಾಕೋಕಾಗಲ್ಲಪ್ಪ," ಎಂದ ಅವನು. "ಕೇಳಿ ಹೇಳ್ತೀನಿ. ನಾಳೆ ತಗೊಂಡು ಬಾ. ಇವತ್ತು ಇವಳು ಮಲಗ್ಬೇಕು."