ಹೊಗೆಕೊಳವೆಯ ಬೆಸುಗೆ

ಗುಳ್ಳೆಗಳು ಏಳುತ್ತಿವೆ, ಸಣ್ಣಗೆ, ಎಡೆಬಿಡದೆ, ಕನ್ನಡಕದ ಮೇಲೆ ಆವಿ ಕೂತು ಏನೂ ಸರಿಯಾಗಿ ಕಾಣುತ್ತಿಲ್ಲ, ಒರೆಸಿಕೊಂಡು ಅವಳು ಮತ್ತೆ ಬಗ್ಗಿದಳು, ಲ್ಯಾಬಿನ ಗಾಜಿನ ಪಾತ್ರೆಯ ಬಿಸಿ ಆಸಿಡ್ಡಿನಲ್ಲಿ ಮುಳುಗಿದೆ ಕುಸಿದ ಕೊಳವೆಯಿಂದ ಕತ್ತರಿಸಿ ತಂದ ಉಕ್ಕಿನ ತುಂಡು, ಗುಳ್ಳೆ ಎದ್ದ ಕಡೆ ಲೋಹ ಕರಗುತ್ತಿದೆ ಅಂತ, ಗುಳ್ಳೆ ಏಳುತ್ತಿರುವುದು ಬೆಸುಗೆಯಿಂದಲೋ ತಗಡಿನಿಂದಲೋ — ತಗಡಿನಿಂದ, ನಿನ್ನೆಯೂ ತಗಡಿನಿಂದಲೇ, ಬೆಸುಗೆಯಿಂದ ಏಳಲಿ ಅಂತ ಕಾಯುತ್ತಿದ್ದೇನಾ ನಾನು, ಎಂಥ ಸೊಸೆ, ಈ ಬೆಸುಗೆ ಹಾಕಿದ್ದು ಮಾವ, ಇದೇ ಕಾರ್ಖಾನೆಯಲ್ಲಿ ವೆಲ್ಡರಾಗಿ ಆಯುಷ್ಯ ಸವೆಸಿದವರು, ಬಾಯ್ಲರಿನ ಹೊಗೆ ಹೋಗುವ ಆ ದೊಡ್ಡ ಕೊಳವೆಯನ್ನು ಜೋಡಿಸಿದ್ದೇ ಅವರು, ಮೊನ್ನೆ ಅದರ ತಳ ಕುಸಿದು, ಒಳಗೆ ಮಸಿ ಗುಡಿಸುತ್ತಿದ್ದವನು ಕೆಳಗೆ ಬಿದ್ದು ಸೊಂಟ ಮುರಿದುಕೊಂಡ, ಆಮೇಲೆ ಎಲ್ಲರ ಬಾಯಲ್ಲೂ ಅದೇ ಮಾತು, ಮುದುಕನ ಕೈ ನಡುಗಿರಬೇಕು, ಬೆಸುಗೆ ಬಿಟ್ಟಿದೆ. ಮಾವನೂ ನಂಬಿಬಿಟ್ಟರಲ್ಲ, ತಟ್ಟೆ ಮುಂದೆ ಕೂತು ಕೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾರೆ, ನನ್ನ ಕೈಯೇ ತಪ್ಪಿರ್ಬೇಕು ಕಣಮ್ಮ, ನೀನು ಪರೀಕ್ಷೆ ಮಾಡಿ ಇದ್ದದ್ದು ಇದ್ದ ಹಾಗೆ ಹೇಳ್ಬಿಡು, ಮಾವ ಅಂತ ಮುಲಾಜು ನೋಡ್ಬೇಡ — ಎಂಥ ತಮಾಷೆಯ ಮನುಷ್ಯ, ಮದುವೆಯಾದ ಹೊಸದರಲ್ಲಿ ಗಂಡನ ಮೇಲೆ ಮುನಿಸಿಕೊಂಡು ಮುಖ ಊದಿಸಿ ಕೂತರೆ, ನಿಮ್ಮಿಬ್ಬರಿಗೂ ನಾನೇ ಒಂದು ಬೆಸುಗೆ ಹಾಕ್ಬಿಡಲಾ ಅನ್ನುತ್ತಿದ್ದರು, ಈಗ ತಟ್ಟೆಯನ್ನೂ ಮುಟ್ಟುವುದಿಲ್ಲ.

ತಗಡು ಯಾಕೆ ಕರಗಿತು ಅನ್ನುವುದೂ ಗೊತ್ತು, ಹೊಗೆ ಬಿಸಿಯಾಗಿರುವ ತನಕ ತೊಂದರೆಯಿಲ್ಲ, ತೀರಾ ತಣ್ಣಗಾದರೆ ಅದರೊಳಗಿನ ಗಂಧಕ ನೀರಾವಿಯ ಜೊತೆ ಸೇರಿ ಆಸಿಡ್ಡಾಗಿ ಕೊಳವೆಯ ಗೋಡೆಗೆ ಬೆವರಿನ ಹಾಗೆ ಹತ್ತುತ್ತದೆ, ತಣ್ಣಗೆ ಮಾಡಿದ್ದು ಯಾರು, ಬಾಯ್ಲರ್ ನೋಡಿಕೊಳ್ಳುವವನು, ಅವಳ ಗಂಡ, ಎಣ್ಣೆ ಉಳಿಸುತ್ತೇನೆ ಅಂತ ಹೊಗೆಯ ಬಿಸಿಯನ್ನೆಲ್ಲ ಬಾಯ್ಲರಿನ ನೀರು ಕಾಯಿಸಲು ಹಿಂಡಿ ತೆಗೆದು ಶಹಬ್ಬಾಸ್‌ಗಿರಿ ಪಡೆದವನು, ಅವತ್ತು ಅಪ್ಪ ಮಗನ ಬೆನ್ನು ತಟ್ಟಿದ್ದರು, ಅವಳೂ ಹಿಗ್ಗಿದ್ದಳು — ಇವತ್ತು ಬೆಳಿಗ್ಗೆ ಬೂಟಿನ ಲೇಸು ಕಟ್ಟುತ್ತಾ, ತಲೆ ಎತ್ತದೆ, ಅವನೇ ಅಂದ, ಅಪ್ಪ ರಿಟೈರ್ ಆಗಿದ್ದಾರೆ, ಅವರನ್ನ ಯಾರೇನು ಮಾಡ್ತಾರೆ, ನನ್ನ ಕೆಲಸ ಹೋದ್ರೆ, ನೀನೇ ಯೋಚ್ನೆ ಮಾಡು. ರೀ, ಅವರು ಊಟ ಬಿಟ್ಟಿದ್ದಾರೆ ಅಂದಳಾ, ಅಂದುಕೊಂಡಳಾ, ನೆನಪಿಲ್ಲ, ಕೆಟ್ಟವನಲ್ಲ ಅವನು, ಹೆದರಿದ್ದಾನೆ ಅಷ್ಟೇ, ಆದರೆ ಪಕ್ಕದ ಬಾಯ್ಲರಿನ ಕೊಳವೆಯಲ್ಲೂ ಅದೇ ತಣ್ಣನೆ ಹೊಗೆ, ಅಲ್ಲೂ ಯಾರೋ ಮಸಿ ಗುಡಿಸಲು ಇಳಿಯುತ್ತಾರೆ, ಅವರ ಮನೆಯಲ್ಲೂ ಯಾರೋ ಕಾಯುತ್ತಿರುತ್ತಾರೆ.

ಎಂಜಿನಿಯರ್ ಬಂದು ಬೆನ್ನ ಹಿಂದೆ ನಿಂತದ್ದು ಗೊತ್ತೇ ಆಗಲಿಲ್ಲ, ಏನಾಯ್ತು, ಬೆಸುಗೆ ತಾನೇ ಹೋಗಿದ್ದು, ಹ್ಞೂಂ ಅಂದರೆ ಸಾಕು, ಮನೆ ಉಳಿಯುತ್ತದೆ, ಇಕ್ಕಳದಿಂದ ತುಂಡನ್ನೆತ್ತಿ ನೀರಿನಲ್ಲಿ ತೊಳೆದು ಅವರ ಮುಂದಿಟ್ಟಳು, ಇಲ್ಲ ಸರ್, ಬೆಸುಗೆ ಗಟ್ಟಿಯಾಗಿದೆ, ತಗಡು ಹೋಗಿದೆ, ಹೊಗೆಯನ್ನ ತೀರಾ ತಣ್ಣಗೆ ಮಾಡಿದ್ದಾರೆ, ಪಕ್ಕದ ಕೊಳವೆಗೆ ಯಾರನ್ನೂ ಇಳಿಸ್ಬೇಡಿ. ಅವರು ತುಂಡಿನ ಮೇಲೆ ಬಗ್ಗಿ ನೋಡಿದರು, ಬಾಯ್ಲರ್ ನೋಡ್ಕೊಳ್ಳೋದು ನಿಮ್ಮ ಯಜಮಾನರಲ್ವಾ, ಹೌದು ಸರ್. ಹೊರಗೆ ಹೋಗಿ ಫೋನು ಮಾಡುತ್ತಿದ್ದಾರೆ, ಕೆಲಸ ನಿಲ್ಲಿಸಿ ಅನ್ನುವುದು ಕೇಳಿಸುತ್ತಿದೆ, ಅವನನ್ನು ನನ್ನ ಹತ್ತಿರ ಕಳಿಸಿ ಅನ್ನುವುದೂ, ಮನೆಗೆ ಹೋಗಿ ಏನು ಹೇಳಲಿ, ನಿಮ್ಮ ಕೈ ತಪ್ಪಿಲ್ಲ ಮಾವ ಅಂದರೆ, ಮತ್ತೆ ಯಾರದಮ್ಮ ಅಂತ ಕೇಳಿಯೇ ಕೇಳುತ್ತಾರೆ, ಆಗ — ಮೇಜಿನ ಮೇಲೆ ತುಂಡು ಒಣಗುತ್ತಿದೆ, ಆಚೆ ಈಚೆ ತಗಡು ತೆಳ್ಳಗೆ, ಬೆಳಕು ತೂರುವಷ್ಟು, ನಡುವೆ ಮಾವ ಎಳೆದ ಗೆರೆ, ಒಂದಕ್ಕೊಂದು ಆತು ಕೂತ ಸಣ್ಣ ಸಣ್ಣ ಅಲೆಗಳು, ಒಂದೂ ಕರಗಿಲ್ಲ, ಒಂದೂ ಬಿಟ್ಟಿಲ್ಲ.