ಸಂಡಾಸಿನ ಸಾಲಿನಲ್ಲಿ ಅಣ್ಣನ ಬಾಲ್ದಿ

ಅಣ್ಣ ಚಂದ್ರಾಮ ಬ್ರೌನ್ ಶುಗರ್ ಸೇದುತ್ತಿದ್ದಾಗ ಘಾಟ್ಕೋಪರಿನ ನಮ್ಮ ಚಾಳಿನಲ್ಲಿ ಅವನ ಬಗ್ಗೆ ಯಾರದೂ ತಕರಾರಿರಲಿಲ್ಲ. ಸಾರ್ವಜನಿಕ ಸಂಡಾಸಿನೊಳಗೇ ಸೇದಿ, ಬೇಗ ಹೊರಬಂದು, ಮುಂದಿನವರಿಗೆ ಬಾಗಿಲು ಹಿಡಿದು ನಿಲ್ಲುತ್ತಿದ್ದ. ಚಾಳ್ ಕಮಿಟಿಯ ಶಿವಪುತ್ರಪ್ಪ ಕಾಕಾ ಅವನ ನಯವಿನಯವನ್ನು ಬಾಯಿತುಂಬ ಹೊಗಳುತ್ತಿದ್ದರು.

ಈಗ ಅವನು ಅದನ್ನು ಬಿಟ್ಟಿದ್ದಾನೆ. ಬೆಳಿಗ್ಗೆ, ಚಟ ಬಿಡಿಸಲು ಆಸ್ಪತ್ರೆಯವರು ಕೊಟ್ಟ ಗುಳಿಗೆಯನ್ನು ನಾಲಿಗೆಯ ಕೆಳಗಿಟ್ಟುಕೊಂಡು, ಕರಗುವವರೆಗೆ ಬಾಯಿ ಮುಚ್ಚಿ ಕೂರುತ್ತಾನೆ. ನಶೆಯ ತಲಬು ನಿಂತಿದೆ, ಗ್ರಾಂಟ್ ರೋಡಿನ ಹೋಟೆಲ್ ಕೆಲಸಕ್ಕೆ ತಪ್ಪದೆ ಹೋಗುತ್ತಾನೆ. ಆದರೆ ಆ ಗುಳಿಗೆಗೆ ಹೊಟ್ಟೆ ಕಟ್ಟುತ್ತದೆ. ಸಂಡಾಸಿಗೆ ಹೋದವನು ಬರುವುದೇ ಇಲ್ಲ. ಹೊರಗೆ ಬಾಲ್ದಿಗಳ ಸಾಲು ಮೆಟ್ಟಿಲವರೆಗೆ ಬೆಳೆಯುತ್ತದೆ. ಒಳಗೆ ಕೂತು ನಶೆ ಮಾಡುತ್ತಾನೆಂದು ಎಲ್ಲರಿಗೂ ಈಗ ಖಾತ್ರಿಯಾಯಿತು. ರವಿವಾರದ ಮೀಟಿಂಗಿನಲ್ಲಿ ನಮ್ಮ ಖೋಲಿ ಖಾಲಿ ಮಾಡಿಸುವುದಾಗಿ ಕಾಕಾ ಹೇಳಿ ಕಳಿಸಿದರು.

ಅಣ್ಣ ಗುಳಿಗೆಯನ್ನೇ ಬಿಡುತ್ತೇನೆಂದ. ಬಿಟ್ಟರೆ ಮತ್ತೆ ಹಳೆಯ ದಾರಿಯೇ ಎಂದು ಇಬ್ಬರಿಗೂ ಗೊತ್ತಿತ್ತು. ಡಾಕ್ಟರಿಗೆ ಹೇಳು, ಹೊಟ್ಟೆಗೂ ಏನಾದರೂ ಕೊಡುತ್ತಾರೆ ಎಂದೆ. ಏನು ಸೇದಿದೆ, ಎಲ್ಲಿ ಕದ್ದೆ ಎಂಬುದನ್ನೆಲ್ಲ ಆ ಡಾಕ್ಟರಮ್ಮನ ಮುಂದೆ ಒದರಿದ್ದವನಿಗೆ ಇದನ್ನು ಹೇಳಲು ನಾಚಿಕೆ.

"ಹೆಣ್ಮಗಳ ಮುಂದ ಹ್ಯಾಂಗ ಹೇಳ್ಲಿ?"

ಮರುದಿನ ಕಾಕಾ ಸಂಡಾಸಿನ ಬಾಗಿಲು ಬಡಿಯುತ್ತಿದ್ದರು. "ಹೊರಗ ಬಾರೋ. ಒಳಗ ಏನ್ ನಡಿಸೀ ಅಂತ ಎಲ್ಲಾರಿಗೂ ಗೊತ್ತದ."

ಆ ಸಾಲಿನಲ್ಲಿ ನಾನು ಎಂದೂ ಬಾಲ್ದಿಯಿಂದ ಕಣ್ಣೆತ್ತಿದವಳಲ್ಲ.

"ಕಾಕಾ, ಅವಂಗ ಹೊಟ್ಟಿ ಕಟ್ಟೇದ್ರಿ," ಎಂದೆ. "ಔಷಧಾ ತಗೊಳ್ಳಾಕತ್ತಾನ. ಅದಕ್ಕ."

ಯಾವ ಔಷಧವೆಂದು ಯಾರೂ ಕೇಳಲಿಲ್ಲ. ಕಾಕಾ ಕೈ ಹಿಂತೆಗೆದರು. ಪಕ್ಕದ ಖೋಲಿಯ ಗುರುಬಾಯಿ ಅತ್ತಿ, "ಅಯ್ಯ, ಇಷ್ಟ ಏನು? ನಮ್ಮನಿಯವರದೂ ಇದ ಹಾಡು," ಎಂದಳು.

ಸಂಜೆಯೊಳಗೆ ನಮ್ಮ ಹೊಸ್ತಿಲಿಗೆ ಇಸಬ್‌ಗೋಲ್, ನೆನೆಸಿದ ಅಂಜೂರ, ಔಡಲೆಣ್ಣೆ ಬಂದವು. ಔಡಲೆಣ್ಣೆ ಕಾಕಾ ತಂದದ್ದು. ಇಡೀ ಚಾಳಿಗೆ ಗೊತ್ತಾದ ಮೇಲೆ ಡಾಕ್ಟರಮ್ಮನ ಮುಂದೆ ನಾಚಲು ಏನೂ ಉಳಿದಿರಲಿಲ್ಲ. ಅವರು ಹೊಟ್ಟೆಗೆ ಬೇರೆ ಪುಡಿ ಬರೆದುಕೊಟ್ಟು, ನೀರು ಜಾಸ್ತಿ ಕುಡಿ, ಕಾಕಾನ ಎಣ್ಣೆ ಕಾಕಾನಿಗೇ ಇರಲಿ, ಗುಳಿಗೆ ಮಾತ್ರ ಬಿಡಬೇಡ ಎಂದರು.

ಮೀಟಿಂಗಿನಲ್ಲಿ ಖೋಲಿಯ ಮಾತೇ ಬರಲಿಲ್ಲ. ಅಣ್ಣನ ಬಾಲ್ದಿ ಸಾಲಿನ ಕೊನೆಗಿರಲಿ, ಪಾಪ, ಆರಾಮಾಗಿ ಕೂರಲಿ ಎಂದು ಠರಾವಾಯಿತು.

ಈಗ ದಿನಾ ಬೆಳಿಗ್ಗೆ ಕಾಕಾ ಎದುರಿನ ಗ್ಯಾಲರಿಯಿಂದಲೇ ಕೇಳುತ್ತಾರೆ: "ಚಂದ್ರಾಮ, ನಿನ್ನೆ ಆತೇನೋ?"

ನಾಲಿಗೆಯ ಕೆಳಗೆ ಗುಳಿಗೆ. ಅಣ್ಣ ಬಾಯಿ ಬಿಡುವ ಹಾಗಿಲ್ಲ. ಬಾಲ್ದಿ ಹಿಡಿದವರೆಲ್ಲ ಅವನತ್ತ ತಿರುಗಿ ಕಾಯುತ್ತಾರೆ. ಅವನು ಹೌದೆಂದು ತಲೆಯಾಡಿಸಿದ ಮೇಲೆಯೇ ಸಾಲು ಮುಂದೆ ಸರಿಯುತ್ತದೆ.