ಕಿಟಕಿಗೆ ಸಿಕ್ಕಿಸಿದ ಫಿಲ್ಮು

ನಮ್ಮ ತಿಕೋಟಾದಲ್ಲಿ ಒಣದ್ರಾಕ್ಷಿ ಸೀಜನ್ ಬಂತೆಂದರೆ ಶೆಡ್ಡಿನಲ್ಲಿ ದುಡಿಯುವವರೆಲ್ಲ ಕೆಮ್ಮುತ್ತಾರೆ. ಬಣ್ಣ ಬರಲೆಂದು ದ್ರಾಕ್ಷಿಗೆ ಗಂಧಕದ ಹೊಗೆ ಕೊಡುತ್ತೇವಲ್ಲ, ಅದಕ್ಕೆ. ಸೀಜನ್ ಮುಗಿದರೆ ಕೆಮ್ಮೂ ಹೋಗುತ್ತದೆಂದು ಬೆಲ್ಲ ತಿಂದು ಸುಮ್ಮನಾಗುತ್ತೇವೆ. ನಮ್ಮ ಮನೆಯವರು ಅಂಬಾದಾಸ. ಅವರ ಕೆಮ್ಮು ಹೋಗಲಿಲ್ಲ.

ಮೂರು ವರ್ಷದ ಹಿಂದಿನ ಮಾತು. ವಿಜಯಪುರದ ದವಾಖಾನೆಯಲ್ಲಿ ಸ್ಕ್ಯಾನ್ ಮಾಡಿದರು, ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸಿದರು. ಶ್ವಾಸಕೋಶದ ಕ್ಯಾನ್ಸರ್.

"ಇನ್ನೂ ಸಣ್ಣದೈತಿ, ಬ್ಯಾರೆ ಕಡೆ ಹಬ್ಬಿಲ್ಲ. ಈಗ ತೆಗೆಸಿದ್ರ ಛಲೋ," ಎಂದರು ಡಾಕ್ಟರು.

ನಾನೇ ಅಡ್ಡ ನಿಂತೆ. "ಚಾಕು ಹಚ್ಚಿ ಗಾಳಿ ತಾಗಿದ್ರ ಮೈಯೆಲ್ಲಾ ಹಬ್ಬತೈತ್ರಿ," ಅಂದೆ. ಬಬಲೇಶ್ವರದ ಸಂತೆಯಲ್ಲಿ ಯಾರೋ ಹೇಳಿದ್ದನ್ನು ನಂಬಿದ್ದೆ. ಆ ಸ್ಕ್ಯಾನ್ ಫಿಲ್ಮನ್ನು ತಂದು, ಅಡುಗೆಮನೆಯ ಒಡೆದ ಕಿಟಕಿಗೆ ಗಾಜಿನ ಬದಲು ಸಿಕ್ಕಿಸಿದೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಮುಂದಿನ ಸೀಜನ್ನಿಗೆ ಅವರಿಗೆ ಶೆಡ್ಡಿನ ಏಣಿ ಹತ್ತಲು ಆಗಲಿಲ್ಲ. ಮತ್ತೆ ಹೋದಾಗ ಡಾಕ್ಟರು, "ಬ್ಯಾರೆ ಕಡೆನೂ ಹಬ್ಬೈತಿ, ಈಗ ಆಪರೇಷನ್ ಮಾಡೂ ಹಂಗಿಲ್ಲವ್ವ," ಅಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ಇವರು, "ನಿಂದೇನ್ ತಪ್ಪಿಲ್ಲ ಬಿಡು ಚಂದ್ರಾ," ಎಂದರು. ಬೈದಿದ್ದರೆ ಚೆನ್ನಾಗಿತ್ತು. ದೀಪಾವಳಿಗೆ ಮೊದಲೇ ಹೋಗಿಬಿಟ್ಟರು.

ಈ ವರ್ಷ, ನನ್ನ ಜೊತೆ ದ್ರಾಕ್ಷಿ ಆರಿಸುವ ರಹಿಮಾಬಿಗೆ ಕೆಮ್ಮು ಶುರುವಾಯಿತು. ಬೀಡಿ ಮುಟ್ಟಿದವಳಲ್ಲ. "ಗಂಧಕ ಬೇ, ಹೋಗ್ತೈತಿ," ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. ಕೈ ಹಿಡಿದು ಆಶಾ ಕಾರ್ಯಕರ್ತೆ ಸಂಘಮಿತ್ರಾಳ ಬಳಿ ಎಳೆದೊಯ್ದೆ. ಕಫ ಪರೀಕ್ಷೆಯಲ್ಲಿ ಟಿಬಿ ಬರಲಿಲ್ಲ. ಸ್ಕ್ಯಾನಿನಲ್ಲಿ ಗಂಟು ಕಂಡಿತು, ಸೂಜಿಯಿಂದ ತುಣುಕು ತೆಗೆದೂ ನೋಡಿದರು. ಅದೇ ರೋಗ, ಇವಳದೂ ಇನ್ನೂ ಮೊದಲ ಹಂತ.

ಅವಳ ಗಂಡ ಪೀರಸಾಬ ನಮ್ಮವರ ಗೆಳೆಯ. "ಎದಿ ಸೀಳಿ ಗಾಳಿ ಹೊಕ್ಕರ ಹಬ್ಬತೈತಿ ವೈನಿ, ಬ್ಯಾಡ," ಎಂದ. ನನ್ನ ಮಾತೇ ಅವನ ಬಾಯಲ್ಲಿ.

"ಎದಿ ಸೀಳೂದಿಲ್ರಿ ಅಣ್ಣಾರ," ಎಂದಳು ಸಂಘಮಿತ್ರಾ. "ಪಕ್ಕೆಲುಬಿನ ಸಂದ್ಯಾಗ ಎರಡು ಮೂರು ಸಣ್ಣ ತೂತು ಹಾಕ್ತಾರ. ಒಂದರಾಗ ಕ್ಯಾಮೆರಾ ಬಿಟ್ಟು, ಟಿವಿ ಮ್ಯಾಲೆ ನೋಡಕೋತ ಗಂಟಿರೋ ಭಾಗ ತೆಗೀತಾರ. ನೋವು ಕಡಿಮಿ, ಲಗೂನ ಎದ್ದು ಅಡ್ಡಾಡಬಹುದು. ಎಲ್ಲಾರಿಗೂ ಇದು ಆಗಂಗಿಲ್ಲ, ಇವ್ರಿಗೆ ಆಗತೈತಂತ ಡಾಕ್ಟರ್ ಹೇಳ್ಯಾರ. ಗಾಳಿಗೆ ಹಬ್ಬೂದಿಲ್ರಿ, ತಡಾ ಮಾಡಿದ್ರ ಹಬ್ಬತೈತಿ."

ಪೀರಸಾಬ ಒಪ್ಪಲಿಲ್ಲ. ನಾನು ಮನೆಗೆ ಹೋಗಿ, ಕಿಟಕಿಯ ಫಿಲ್ಮು ಕಿತ್ತು ತಂದು ಅವನ ಕೈಗಿಟ್ಟೆ.

"ನೋಡ್ರಿ. ಶೇಂಗಾ ಬೀಜದಷ್ಟಿತ್ತು. ಇದಕ್ಕ ಯಾರೂ ಚಾಕು ಹಚ್ಚಲಿಲ್ಲ, ಗಾಳಿನೂ ತಾಗಲಿಲ್ಲ. ನಿಮ್ಮ ದೋಸ್ತ ಎಲ್ಲಿ ಅದಾರ, ಹೇಳ್ರಿ."

ಅವನು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಕಣ್ಣೊರೆಸಿಕೊಂಡು, "ಯಾವಾಗ ಹೋಗಬೇಕ್ರಿ?" ಎಂದು ಸಂಘಮಿತ್ರಾಳನ್ನು ಕೇಳಿದ.

ಆಪರೇಷನ್ ಆದ ವಾರದೊಳಗೆ ರಹಿಮಾಬಿ ಮನೆಗೆ ಬಂದಳು. ತಪಾಸಣೆಗೆ ಈಗಲೂ ತಪ್ಪದೆ ಹೋಗುತ್ತಾಳೆ. ಅವಳು ನಕ್ಕಾಗ ಸಂತೋಷವಾಗುತ್ತದೆ, ನಮ್ಮವರೂ ಹೀಗೆ ಉಳಿಯುತ್ತಿದ್ದರಲ್ಲ ಎಂದು ನೋವೂ ಆಗುತ್ತದೆ. ಸುಳ್ಳು ಏಕೆ ಹೇಳಲಿ.

ಅಕ್ಕಂದಿರೇ, ಅಣ್ಣಂದಿರೇ, ಎರಡು ವಾರ ದಾಟಿದರೂ ಕೆಮ್ಮು ನಿಲ್ಲದಿದ್ದರೆ, ಕಫದಲ್ಲಿ ರಕ್ತ ಕಂಡರೆ, ದಮ್ಮು ಹತ್ತಿದರೆ, ಮೈ ಇಳಿದರೆ, ಅಂದೇ ದವಾಖಾನೆಗೆ ಹೋಗಿ ತೋರಿಸಿಕೊಳ್ಳಿ. ಬೀಡಿ ಸೇದುವವರು ಅದನ್ನು ಬಿಟ್ಟುಬಿಡಿ. ಆಪರೇಷನ್ ಬೇಕೆಂದರೆ ಯಾವ ಬಗೆಯದೆಂದು ಡಾಕ್ಟರನ್ನು ಕೇಳಿ ತಿಳಿಯಿರಿ. ಗಾಳಿ ತಾಗುತ್ತದೆ ಎನ್ನಬೇಡಿ. ನಾನು ಅಂದಿದ್ದೆ.